ದೀರ್ಘ ರಾತ್ರಿಗೊಂದು ಪ್ರಾರ್ಥನೆ

ಬೆಂಗಳೂರಿನ ಹಲಸೂರಿಗೆ ಅಂಟಿಕೊಂಡ ಮರ್ಫಿ ಟೌನಿನಲ್ಲಿ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ. ಎಲ್ಲರ ಕಣ್ಣು 25ರ ಮೇಲೆ. ಅದಕ್ಕೆ ನಾಲ್ಕು ದಿನ ಮೊದಲಿನ, ವರ್ಷದ ಅತಿ ದೀರ್ಘ ರಾತ್ರಿಗೂ ಕ್ರೈಸ್ತ ಆರಾಧನೆಯಲ್ಲಿ ಹಳೆಯದೊಂದು ಸ್ಥಾನವಿದೆ.

ಡಿಸೆಂಬರ್ 21 ಸಂತ ತೋಮಸರ ಹಬ್ಬವಾಗಿತ್ತು. ಯೇಸುವಿನ ಗಾಯಗಳನ್ನು ಮುಟ್ಟದೆ ನಂಬುವುದಿಲ್ಲ ಎಂದ ಶಿಷ್ಯ ಅವರು. ಭಾರತಕ್ಕೆ ಬಂದವರೂ ಅವರೇ ಎನ್ನುತ್ತದೆ ಸಂಪ್ರದಾಯ. 1809ರಲ್ಲಿ ಇಲ್ಲಿ ದಂಡು ಪ್ರದೇಶ ಕಟ್ಟಿದ ಬ್ರಿಟಿಷರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲೂ ಆ ದಿನ ತೋಮಸರದೇ. ಕ್ಯಾಥೊಲಿಕ್ ಸಭೆ 1969ರ ಪಂಚಾಂಗ ಸುಧಾರಣೆಯಲ್ಲಿ ಹಬ್ಬವನ್ನು ಜುಲೈ 3ಕ್ಕೆ ಸರಿಸಿತು. ಕ್ರಿಸ್ಮಸ್‌ಗೆ ಮುಂಚಿನ ಎಂಟು ದಿನಗಳ ಸಿದ್ಧತೆಗೆ ನಡುವೆ ಭಂಗ ಬರಬಾರದೆಂಬುದು ಉದ್ದೇಶ.

ಹಬ್ಬ ಹೋಯಿತು, ಸಂಜೆಯ ಪ್ರಾರ್ಥನೆ ಉಳಿಯಿತು. 17ರಿಂದ 23ರವರೆಗೆ ಏಳು ಸಂಜೆ, ಮರಿಯಳ ಸ್ತುತಿಗೀತೆಯ ಜೊತೆಗೆ ಕ್ರಿಸ್ತನನ್ನು ದಿನಕ್ಕೊಂದು ಹೆಸರಿನಿಂದ ಕರೆಯುವ ಪುಟ್ಟ ಮೊರೆಯಿದೆ. 21ರಂದು ಕರೆಯುವುದು ಉದಯಿಸುವ ಬೆಳಕನ್ನು. ಕತ್ತಲಲ್ಲಿ ಕುಳಿತವರ ಬಳಿಗೆ ಬಾ ಎಂಬ ಬೇಡಿಕೆ ಅದು. ಇರುಳು ಅತಿ ಉದ್ದವಾಗುವ ಸಂಜೆಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಕಾಣದು. ಸೂರ್ಯ ಉತ್ತರಕ್ಕೆ ತಿರುಗುವುದೂ ಆಗಲೇ. ನಮ್ಮ ಸಂಕ್ರಾಂತಿ ಮಾತ್ರ ಕಾಲಾಂತರದಲ್ಲಿ ಜನವರಿಗೆ ಜಾರಿದೆ.

ಲಂಡನ್ನಿನಲ್ಲಿ ಅಂದಿನ ಹಗಲು ಎಂಟು ಗಂಟೆಗೂ ಕಡಿಮೆ, ಬೆಂಗಳೂರಿನಲ್ಲಿ ಹನ್ನೊಂದೂಕಾಲು ಗಂಟೆಗೂ ಹೆಚ್ಚು. ಕತ್ತಲು ನಮ್ಮನ್ನು ಅಷ್ಟು ಕಾಡುವುದಿಲ್ಲ. ಆದರೆ ದೀಪ ಹಚ್ಚುವುದು ನಮಗೆ ಚೆನ್ನಾಗಿ ಗೊತ್ತು. ನಗರದ ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಕ್ಯಾಥೊಲಿಕ್ ಪಾದ್ರಿ ಡಿ.ಎಸ್. ಅಮಲೋರ್ಪವದಾಸ್ ಕಟ್ಟಿದ, ಬೈಬಲ್, ಧರ್ಮಶಿಕ್ಷಣ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರ ಎನ್‌ಬಿಸಿಎಲ್‌ಸಿ ಭಾರತೀಯ ರೀತಿಯ ಆರಾಧನೆಗೆ ದಾರಿ ತೆರೆಯಿತು. ತೋಮಸರ ದಿನ ಬದಲಾದ 1969ರಲ್ಲೇ ರೋಮ್ ಒಪ್ಪಿದ ಇಂಥ ಹನ್ನೆರಡು ಅಂಶಗಳಲ್ಲಿ ಅಂಜಲಿ, ಆರತಿ, ಮೇಣದಬತ್ತಿಯ ಜಾಗದಲ್ಲಿ ಎಣ್ಣೆದೀಪ ಸೇರಿದ್ದವು.

ಪಶ್ಚಿಮದ ಕೆಲವು ಚರ್ಚುಗಳಲ್ಲಿ ಈಗ ಆ ರಾತ್ರಿ ಇನ್ನೊಂದು ಆರಾಧನೆ ನಡೆಯುತ್ತದೆ. ಆಪ್ತರನ್ನು ಕಳೆದುಕೊಂಡವರು, ಕ್ರಿಸ್ಮಸ್ ಸಡಗರ ಸಹಿಸಲಾಗದವರು ಬಂದು ದೀಪ ಹಚ್ಚಿ ಸುಮ್ಮನೆ ಕೂರುತ್ತಾರೆ. ಯಾರೂ ಅವರನ್ನು ನಗಿಸಲು ಹೊರಡುವುದಿಲ್ಲ. ಗಾಯ ಮುಟ್ಟಲು ಕೇಳಿದ ತೋಮಸರ ಹಳೆಯ ದಿನಕ್ಕೆ ಇದು ಎಷ್ಟು ಹೊಂದುತ್ತದೆ! ಮರ್ಫಿ ಟೌನ್, ಹಲಸೂರು, ಶಿವಾಜಿನಗರದ ಸಭೆಗಳಲ್ಲಿ ಕ್ಯಾರಲ್ಸ್‌ಗೆ ಹತ್ತಾರು ಸಂಜೆ ಮೀಸಲಿದ್ದರೆ ಇರಲಿ. 21ರ ಒಂದು ಸಂಜೆಯನ್ನು ಈ ಜನರಿಗೆ ಬಿಟ್ಟುಕೊಡಿ.