ಗೇಮ್ ಏಕೆ ತಡೆತಡೆದು ಓಡುತ್ತದೆ? ‘ಶಬ್ದ’ ಪಾಠದಲ್ಲಿ ಎದ್ದ ಒಂದು ಪ್ರಶ್ನೆ

ಬೋಧನಾಭ್ಯಾಸಕ್ಕೆಂದು ಭದ್ರಾವತಿಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ‘ಶಬ್ದ’ ಘಟಕವನ್ನು ತೆಗೆದುಕೊಂಡಿದ್ದೆ. ಆವೃತ್ತಿ, ತರಂಗದೂರ, ವೇಗ ಮುಗಿಸಿ ಪ್ರಶ್ನೆ ಕೇಳಲು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಮಿಸ್, ನಮ್ಮನೇಲಿ ನೂರು ಎಂಬಿಪಿಎಸ್ ವೈಫೈ ಇದೆ. ಆದ್ರೂ ಬಿಜಿಎಂಐ ಆಡುವಾಗ ಲ್ಯಾಗ್ ಆಗುತ್ತೆ. ಯಾಕೆ?” “ಸ್ಪೀಡ್ ಸಾಲ್ತಿಲ್ಲ” ಎಂದುಬಿಟ್ಟೆ. “ಹಂಗಾದ್ರೆ ಅಪ್ಪಂಗೆ ದೊಡ್ಡ ಪ್ಲಾನ್ ಹಾಕ್ಸೋಕೆ ಹೇಳ್ತೀನಿ ಮಿಸ್” ಎಂದು ಕುಳಿತ.

ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲೇ ನನ್ನ ಉತ್ತರದ ಮೇಲೆ ನನಗೆ ಅನುಮಾನ ಬಂತು. ತರಗತಿಯಲ್ಲಿ ಬಾಯಿಗೆ ಬಂದದ್ದು ಹೇಳಿದ ತಪ್ಪಿಗೆ ಆ ಮನೆಯವರು ತಿಂಗಳು ತಿಂಗಳೂ ಹೆಚ್ಚು ಹಣ ಕಟ್ಟಬೇಕೆ?

ವೇಗ ಬೇರೆ, ವಿಳಂಬ ಬೇರೆ. ನಾನು ಕುಳಿತಿದ್ದ ಬಸ್ಸೇ ಒಳ್ಳೆಯ ಉದಾಹರಣೆ. ಎಂಬಿಪಿಎಸ್ ಎಂದರೆ ಬಸ್ಸಿನ ಸೀಟುಗಳ ಸಂಖ್ಯೆ. ಸೀಟು ಹೆಚ್ಚಿದ ಮಾತ್ರಕ್ಕೆ ಬಸ್ಸು ಶಿವಮೊಗ್ಗವನ್ನು ಬೇಗ ತಲುಪುವುದಿಲ್ಲ. ಗೇಮ್ ಕಳಿಸುವ ಮಾಹಿತಿ ತೀರಾ ಚಿಕ್ಕದು, ಗಂಟೆಗೆ ಕೆಲವು ಹತ್ತು ಎಂಬಿ ಅಷ್ಟೆ. ಆದರೆ ಅದು ಸೆಕೆಂಡಿಗೆ ಹಲವು ಬಾರಿ, ತಪ್ಪದೆ ಹೋಗಿ ಬರಬೇಕು. ಸಿನಿಮಾ ನೋಡುವಾಗ ಮುಂದಿನ ಭಾಗ ಮೊದಲೇ ಇಳಿದಿರುವುದರಿಂದ ಅರೆ ಸೆಕೆಂಡಿನ ತಡೆ ಕಣ್ಣಿಗೆ ಕಾಣುವುದಿಲ್ಲ. ಗೇಮ್‌ನಲ್ಲಿ ಎದುರಾಳಿ ಮುಂದೇನು ಮಾಡುತ್ತಾನೆಂಬುದನ್ನು ಮೊದಲೇ ಇಳಿಸಿಟ್ಟುಕೊಳ್ಳಲು ಆಗುವುದಿಲ್ಲವಲ್ಲ!

ದೂರವೂ ಇಲ್ಲಿ ದೊಡ್ಡ ಕಾರಣವಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಚಲಿಸುತ್ತದೆ. ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಎಂದುಕೊಂಡರೆ ಹೋಗಿ ಬರಲು 3 ಮಿಲಿಸೆಕೆಂಡ್ ಸಾಕು. ಸರ್ವರ್ ಇನ್ನೂ ದೂರವಿದ್ದರೂ, ಒಮ್ಮೆ 30 ಇದ್ದದ್ದು ಮರುಕ್ಷಣ 300ಕ್ಕೆ ಜಿಗಿಯಲು ದೂರ ಕಾರಣವಾಗಲಾರದು.

ಗೋಪಾಳದ ನಮ್ಮ ಮನೆಯಲ್ಲಿ ಪರೀಕ್ಷಿಸಿದೆ. ಲ್ಯಾಪ್‌ಟಾಪಿನಿಂದ ರೂಟರ್‌ನ ವಿಳಾಸಕ್ಕೆ (ನಮ್ಮದು 192.168.1.1) ಪಿಂಗ್ ಮಾಡಿದಾಗ ರೂಟರ್ ಪಕ್ಕದಲ್ಲಿ 2–3 ಮಿಲಿಸೆಕೆಂಡ್ ಬಂತು. ಎರಡು ಗೋಡೆಯಾಚೆಯ ಹಿಂದಿನ ಕೋಣೆಯಲ್ಲಿ ಬಹುಪಾಲು 6–7, ನಡುನಡುವೆ ಇದ್ದಕ್ಕಿದ್ದಂತೆ 180! ಈ ಅಳತೆ ರೂಟರ್‌ವರೆಗಿನದು ಮಾತ್ರ. ಇಂಟರ್ನೆಟ್ ಇನ್ನೂ ಶುರುವೇ ಆಗಿಲ್ಲ.

ಏಕೆ ಹೀಗೆ? ವೈಫೈ ಒಂದು ಶಿಸ್ತಿನ ತರಗತಿಯಂತೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಪ್ರತಿಯೊಂದು ಸಾಧನವೂ ಮೊದಲು ಕಿವಿಗೊಟ್ಟು, ಯಾರೂ ಮಾತಾಡುತ್ತಿಲ್ಲವೆಂದು ಖಚಿತವಾದ ಮೇಲೆ ಕಳಿಸುತ್ತದೆ. ಮಾತು ತಲುಪಿತೆಂಬ ಉತ್ತರ ಬಾರದಿದ್ದರೆ ಮತ್ತೆ ಹೇಳುತ್ತದೆ. ನಮ್ಮ ಮನೆಯಲ್ಲಿ ನಿಂತರೆ ಅಕ್ಕಪಕ್ಕದ ಹನ್ನೊಂದು ವೈಫೈ ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಒಂದೊಂದರ ಅಗಲ ಸುಮಾರು 20. ಆದ್ದರಿಂದ 1, 6, 11 ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. ಖಾಲಿ ಇದೆಯೆಂದು 3 ಅಥವಾ 8ಕ್ಕೆ ಹೋದರೆ ಎರಡೂ ಕಡೆಯ ಗದ್ದಲ ಮೈಮೇಲೆ ಬರುತ್ತದೆ. ಮೈಕ್ರೋವೇವ್ ಒಲೆ ಕೂಡ 2.45 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತದೆ. ಅದಕ್ಕಂತೂ ಸರದಿಯ ಶಿಸ್ತೇ ಇಲ್ಲ.

ಕಬ್ಬಿಣದ ಬೀರುವಿನ ಹಿಂದಿದ್ದ ರೂಟರನ್ನು ನಡುಮನೆಯ ಎತ್ತರದ ಶೆಲ್ಫಿಗೆ ತಂದೆ. ಮೊಬೈಲನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿದೆ. ಅಲ್ಲಿ ಗದ್ದಲ ಕಡಿಮೆ, ಆದರೆ ಗೋಡೆ ದಾಟಿದಷ್ಟೂ ಸಂಕೇತ ಬೇಗ ಸೊರಗುತ್ತದೆ. ಲ್ಯಾಪ್‌ಟಾಪಿಗೆ ಕೇಬಲ್ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯದು. 180ರ ಜಿಗಿತ ನಿಂತಿತು.

ಆದರೂ ರಾತ್ರಿ ಒಂಬತ್ತಕ್ಕೆ ಮತ್ತೆ ತಡೆ. ಈ ಸಲ ರೂಟರ್‌ವರೆಗೆ 3, ಹೊರಗಿನ ವಿಳಾಸಕ್ಕೆ 250. ಕಂಪನಿಯವರನ್ನು ಬೈಯಲು ಫೋನ್ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ತಂಗಿಯ ಮೊಬೈಲಿನಿಂದ ಮದುವೆಯ ಫೋಟೋಗಳು ಬ್ಯಾಕಪ್ ಆಗುತ್ತಿದ್ದದ್ದು ಕಂಡಿತು. ಅಪ್‌ಲೋಡ್ ತುಂಬಿದಾಗ ಉಳಿದ ಮಾಹಿತಿಯೆಲ್ಲ ರೂಟರ್‌ನಲ್ಲಿ ಸಾಲು ನಿಲ್ಲುತ್ತದೆ. ಗೇಮ್‌ನ ಪುಟ್ಟ ಚೀಟಿಯೂ ಆ ಸಾಲಿನ ಕೊನೆಗೇ. ಬ್ಯಾಕಪ್ ನಿಲ್ಲಿಸಿದೊಡನೆ 35ಕ್ಕೆ ಇಳಿಯಿತು. ಕೆಲವು ರೂಟರ್‌ಗಳಲ್ಲಿ ‘ಕ್ಯೂಒಎಸ್’ ಎಂಬ ಆಯ್ಕೆಯಿಂದ ಇಂಥ ಚೀಟಿಗಳಿಗೆ ಆದ್ಯತೆ ಕೊಡಬಹುದು.

ಮರುದಿನ ಮೊದಲ ಐದು ನಿಮಿಷ ನನ್ನ ತಪ್ಪನ್ನು ಒಪ್ಪಿಕೊಳ್ಳಲು ಬಳಸಿದೆ. ನಂತರ ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ ಒಂದು ಚೀಟಿ ದಾಟಿಸಿದೆವು. ಆಮೇಲೆ ಅದೇ ಸಾಲಿನಲ್ಲಿ ಮೂವತ್ತು ಚೀಟಿ ಹರಿಸಿ, ಕೊನೆಯ ಚೀಟಿ ತಲುಪುವ ಹೊತ್ತನ್ನು ಗಡಿಯಾರದಲ್ಲಿ ಗುರುತಿಸಿದೆವು. ಹಿಂದಿನ ದಿನದ ಸೂತ್ರಕ್ಕೇ 3×10⁸ ಮೀ/ಸೆ ಹಾಕಿ 2.4 ಗಿಗಾಹರ್ಟ್ಸ್‌ನ ತರಂಗದೂರ 12.5 ಸೆಂ.ಮೀ. ಎಂದು ಮಕ್ಕಳೇ ಲೆಕ್ಕ ಮಾಡಿದರು. ಇಲ್ಲೊಂದು ಎಚ್ಚರ ಬೇಕು: ವೈಫೈ ಶಬ್ದತರಂಗವಲ್ಲ, ವಿದ್ಯುತ್ಕಾಂತೀಯ ತರಂಗ ಎಂದು ಹೇಳದಿದ್ದರೆ ಹೊಸ ತಪ್ಪು ಕಲ್ಪನೆ ಹುಟ್ಟುತ್ತದೆ. ನಾನು ಅದನ್ನು ಪಾಠದ ಕೊನೆಗೆ ಹೇಳಿದೆ, ಮೊದಲೇ ಹೇಳಬೇಕಿತ್ತು.

ಪಾಠಯೋಜನೆಯಲ್ಲಿಲ್ಲದ ವಿಷಯಕ್ಕೆ ಹದಿನೈದು ನಿಮಿಷ ಹೋಯಿತೆಂದು ಮಾರ್ಗದರ್ಶಕ ಶಿಕ್ಷಕರು ಟಿಪ್ಪಣಿ ಬರೆದರು. ಅದು ನ್ಯಾಯವೇ. ಮಕ್ಕಳಿಗೆ ಗೇಮ್ ಆಡಲು ದಾರಿ ತೋರಿಸಿದಂತಾಯಿತಲ್ಲ ಎಂದು ಸಹಪಾಠಿಗಳು ಕೇಳಿದ್ದನ್ನು ಮಾತ್ರ ನಾನು ಒಪ್ಪಲಿಲ್ಲ; ಆನ್‌ಲೈನ್ ತರಗತಿಯಲ್ಲಿ ಮೇಷ್ಟ್ರ ಮಾತು ತುಂಡಾಗುವುದೂ ಇದೇ ಕಾರಣಕ್ಕೆ.

ಎರಡು ದಿನ ಬಿಟ್ಟು ಆ ಹುಡುಗ ಬಂದ. ಅವರ ಮನೆಯ ರೂಟರ್ ಅಡುಗೆಮನೆಯಲ್ಲಿ ಸ್ಟೀಲ್ ಪಾತ್ರೆಗಳ ಸ್ಟ್ಯಾಂಡಿನ ಹಿಂದಿತ್ತಂತೆ. “ಹಾಲಿಗೆ ತಂದ್ವಿ ಮಿಸ್. ಅಪ್ಪಂಗೆ ಪ್ಲಾನ್ ವಿಷ್ಯ ಹೇಳಲೇ ಇಲ್ಲ.”