ಗಾಯ್‌ಮುಖ ದಾಟಿದ ಮೇಲೆ ಎರಡು ಕಣ್ಣು

ರಾತ್ರಿ ಹನ್ನೆರಡೂವರೆ. ಠಾಣೆ ನಗರದಲ್ಲಿ ಹೋಟೆಲಿನ ಶಟರ್ ಎಳೆದು ಘೋಡ್‌ಬಂದರ್ ರಸ್ತೆಯಲ್ಲಿ ಬೈಕಿನಲ್ಲಿ ಮನೆ ಕಡೆ ಹೊರಟಿದ್ದೀರಿ. ಗಾಯ್‌ಮುಖ ದಾಟುತ್ತಿದ್ದಂತೆ ಕಟ್ಟಡಗಳ ಬೆಳಕು ಹಿಂದುಳಿಯುತ್ತದೆ. ಎಡಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಬಲಕ್ಕೆ ಅದರದೇ ತುಂಡು, ನಾಗ್ಲಾ ಅರಣ್ಯ. ಚಿರತೆಯ ನಡುಮನೆಯಲ್ಲೇ ಡಾಂಬರು ಹಾಕಿದ ಹಾಗೆ! ವಾಹನ ಬಡಿದು ಇಲ್ಲಿ ಚಿರತೆಗಳು ಸತ್ತಿವೆ.

ಒಂದು ಸಣ್ಣ ಲೆಕ್ಕ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಪ್ರಾಣಿ ಕಂಡು ಕೈ ಬ್ರೇಕ್ ಹಿಡಿಯುವಷ್ಟರಲ್ಲೇ ಅಷ್ಟು ದೂರ ಹೋಗಿಬಿಟ್ಟಿರುತ್ತೀರಿ. ಆಮೇಲೆ ಗಾಡಿ ನಿಲ್ಲಬೇಕು. 40ಕ್ಕೆ ಇಳಿಸಿ ನೋಡಿ, ಬ್ರೇಕ್ ಹಿಡಿದ ಮೇಲಿನ ದೂರ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ರಸ್ತೆಯಂಚಿನ ಪೊದೆಯ ಬುಡದಲ್ಲಿ ಹಸಿರು-ಹಳದಿ ಚುಕ್ಕೆಗಳೆರಡು ಹೊಳೆದವೇ? ಅದು ರಿಫ್ಲೆಕ್ಟರ್ ಅಂದುಕೊಳ್ಳಬೇಡಿ. ರಿಫ್ಲೆಕ್ಟರ್ ರೆಪ್ಪೆ ಮಿಟುಕಿಸುವುದಿಲ್ಲ. ಆಕ್ಸಿಲರೇಟರ್ ಬಿಡಿ, ಹೈ ಬೀಮ್ ಇಳಿಸಿ. ಕಣ್ಣು ಕುಕ್ಕಿದರೆ ಪ್ರಾಣಿ ನಿಂತಲ್ಲೇ ನಿಂತುಬಿಡಬಹುದು. ಬೀದಿನಾಯಿ ಬೆದರಿ ರಸ್ತೆಗೆ ಹಾರಿದರೂ ಅಷ್ಟೇ, ಅದರ ಬೆನ್ನಿಗೇ ಚಿರತೆ ಬರುತ್ತಿರಬಹುದು. ಇಲ್ಲಿನ ಚಿರತೆಗೆ ನಾಯಿಯೇ ದೊಡ್ಡ ಊಟ.

ಚಿರತೆ ಎದುರಿಗೇ ಬಂತೇ? ಹ್ಯಾಂಡಲ್ ನೆಟ್ಟಗಿಟ್ಟು ಎರಡೂ ಬ್ರೇಕ್ ಹಿಡಿಯಿರಿ. ಗಾಬರಿಯಲ್ಲಿ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಟ್ರಕ್ಕಿನ ಬಾಯಿಗೆ ನೀವೇ ತುತ್ತು. ಅದು ದಾಟಿದ ತಕ್ಷಣ ಗೇರ್ ಹಾಕಬೇಡಿ, ತಾಯಿಯಾದರೆ ಮರಿಗಳು ಹಿಂದೆ ಇರಬಹುದು.

ಗಾಯಗೊಂಡ ಪ್ರಾಣಿ ಕಂಡರೆ ಮೊಬೈಲ್ ತೆಗೆಯಿರಿ, ವಿಡಿಯೋಗಲ್ಲ. ದೂರ ನಿಂತು 1926ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ ಅದು.