ನೀರಿನ ಅಣುವಿನ ಬಾಗು

ನೀರು ದ್ರವಪದಾರ್ಥವೆಂಬುದು ಎಲ್ಲರೂ ಬಲ್ಲ ವಿಷಯ. ಇದರಲ್ಲಿ ವಿವರಿಸತಕ್ಕದ್ದೇನಿದೆ ಎಂದು ಶ್ರೋತೃಗಳು ಕೇಳಬಹುದು. ಆದರೆ ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಸೋಜಿಗದ ಸಂಗತಿಯೇ ಸರಿ. ಜಲಜನಕದ ಪರಮಾಣುವಿನ ತೂಕವನ್ನು 1 ಎಂದೆಣಿಸಿದರೆ ನೀರಿನ ಅಣುವಿನ ತೂಕ ಸುಮಾರು 18. ನಾವು ಉಸಿರಿನೊಡನೆ ಹೊರಬಿಡುವ ಇಂಗಾಲಾಮ್ಲವಾಯುವಿನ ಅಣುವಿನ ತೂಕ 44. ಸಾಧಾರಣವಾಗಿ ಹಗುರವಾದ ಅಣುಗಳುಳ್ಳ ವಸ್ತುವೇ ಬೇಗನೆ ಆವಿಯಾಗಬೇಕು. ಇಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಭಾರವಾದ ಇಂಗಾಲಾಮ್ಲವು ಸೊನ್ನೆಗಿಂತ 78 ಡಿಗ್ರಿ ಕೆಳಗಿನ ಚಳಿಯಲ್ಲಿಯೇ ವಾಯುರೂಪವನ್ನು ತಾಳುವುದು; ಹಗುರವಾದ ನೀರು 100 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದ ಹೊರತು ಕುದಿಯದು. ಈ ವೈಪರೀತ್ಯದ ಮೂಲ ಅಣುಗಳ ಆಕಾರದಲ್ಲಿದೆ. ಇಂಗಾಲಾಮ್ಲದ ಅಣು ನೆಟ್ಟಗಿದೆ. ನೀರಿನ ಅಣು ಬಾಗಿದೆ. ಆ ಬಾಗು ಇಲ್ಲದಿದ್ದರೆ ಕೆರೆ ಕಡಲುಗಳು ಈಗಿರುವಂತೆ ಇರುತ್ತಿರಲಿಲ್ಲ. ಈ ಮಾತನ್ನು ಕೇಳಲು ನಾವೂ ಇರುತ್ತಿರಲಿಲ್ಲ.

ಮೊದಲು ಪರಮಾಣುಗಳು ಒಂದನ್ನೊಂದು ಹಿಡಿದುಕೊಳ್ಳುವ ಬಗೆಯನ್ನು ನೋಡೋಣ. ಪರಮಾಣುವಿನ ನಡುವೆ ಧನವಿದ್ಯುತ್ತುಳ್ಳ ಬೀಜವೂ, ಅದರ ಸುತ್ತ ಋಣವಿದ್ಯುತ್ತುಳ್ಳ ಎಲೆಕ್ಟ್ರಾನುಗಳೂ ಇರುತ್ತವೆ. ಬಂಧಕ್ಕೆ ಕಾರಣವಾಗತಕ್ಕವು ಹೊರ ಸುತ್ತಿನ ಎಲೆಕ್ಟ್ರಾನುಗಳು. ಅಡುಗೆಯ ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನಿಗೆ ಬಿಟ್ಟುಕೊಡುವುದು. ಆಗ ಒಂದು ಧನ, ಒಂದು ಋಣವಾಗಿ ಎರಡೂ ಪರಸ್ಪರ ಆಕರ್ಷಿಸುತ್ತವೆ. ಇದು ದಾನದ ಬಂಧ. ಇನ್ನೊಂದು ಪಾಲುಗಾರಿಕೆಯ ಬಂಧ. ಎರಡು ಪರಮಾಣುಗಳು ಒಂದೊಂದು ಎಲೆಕ್ಟ್ರಾನನ್ನು ತಂದು, ಆ ಜೋಡಿಯನ್ನು ಇಬ್ಬರ ಸೊತ್ತಾಗಿ ಅನುಭವಿಸುತ್ತವೆ. ಈ ಜೋಡಿಯ ಕಲ್ಪನೆಯನ್ನು 1916ರಲ್ಲಿ ಪ್ರಕಟಿಸಿದವರು ಕ್ಯಾಲಿಫೋರ್ನಿಯದ ಜಿ. ಎನ್. ಲೂಯಿಸ್ ಎಂಬ ಪಂಡಿತರು.

ಪಾಲುಗಾರಿಕೆಯೆಂದ ಮಾತ್ರಕ್ಕೆ ಪಾಲು ಸಮವಾಗಿರಬೇಕೆಂಬ ನಿಯಮವಿಲ್ಲ. ಕೆಲವು ಪರಮಾಣುಗಳು ಜೋಡಿಯನ್ನು ತಮ್ಮ ಕಡೆಗೆ ಹೆಚ್ಚಾಗಿ ಸೆಳೆದುಕೊಳ್ಳುತ್ತವೆ. ಈ ಸೆಳೆತಕ್ಕೆ ಲೈನಸ್ ಪಾಲಿಂಗ್ ಎಂಬುವರು 1932ರಲ್ಲಿ ಒಂದು ಅಳತೆಯನ್ನು ಏರ್ಪಡಿಸಿದರು. ಈಗ ಬಳಕೆಯಲ್ಲಿರುವ ಅಂಕಗಳಂತೆ ಆಮ್ಲಜನಕಕ್ಕೆ 3.44, ಇಂಗಾಲಕ್ಕೆ 2.55, ಜಲಜನಕಕ್ಕೆ 2.20. ಆದುದರಿಂದ ಆಮ್ಲಜನಕವು ಜಲಜನಕದೊಡನೆ ಸೇರಿದರೂ ಇಂಗಾಲದೊಡನೆ ಸೇರಿದರೂ ಜೋಡಿಯು ಆಮ್ಲಜನಕದ ಕಡೆಗೇ ಓಲುವುದು. ಆ ತುದಿ ಸ್ವಲ್ಪ ಋಣವಾಗಿಯೂ ಎದುರಿನ ತುದಿ ಸ್ವಲ್ಪ ಧನವಾಗಿಯೂ ನಿಲ್ಲುವುದು. ಇಂತಹ ಬಂಧವನ್ನು ಧ್ರುವಬಂಧವೆನ್ನುತ್ತೇವೆ.

ಹಾಗಾದರೆ ನೀರಿನಲ್ಲಿಯೂ ಇಂಗಾಲಾಮ್ಲದಲ್ಲಿಯೂ ಎರಡು ದಿಕ್ಕಿನಲ್ಲಿ ಧ್ರುವಬಂಧಗಳಿದ್ದರೂ ಇವೆರಡರ ನಡತೆ ಬೇರೆಯಾಗಿರುವುದೇಕೆ? ತೇರಿನ ಉಪಮಾನದಿಂದ ಇದು ಸುಲಭವಾಗಿ ತಿಳಿಯುವುದು. ತೇರಿಗೆ ಎರಡು ಹಗ್ಗಗಳನ್ನು ಕಟ್ಟಿ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಸಮಬಲದಿಂದ ಎಳೆದರೆ ತೇರು ಕದಲುವುದಿಲ್ಲ. ಜನರ ಶ್ರಮ ಕಡಮೆಯೇನಲ್ಲ, ಆದರೆ ಫಲ ಸೊನ್ನೆ. ಎರಡು ಹಗ್ಗಗಳನ್ನೂ ಮುಂದುಗಡೆಯೇ ಓರೆಯಾಗಿ ಹಿಡಿದು ಎಳೆದರೆ ತೇರು ಸಾಗುವುದು. ಇಂಗಾಲಾಮ್ಲದಲ್ಲಿ ಇಂಗಾಲವು ನಡುವೆ ನಿಂತು, ಎರಡು ಆಮ್ಲಜನಕಗಳು ನೇರವಾಗಿ ಎದುರುಬದುರಾಗಿ ಸೆಳೆಯುತ್ತವೆ; ಸೆಳೆತಗಳು ಒಂದನ್ನೊಂದು ಅಳಿಸುತ್ತವೆ. ನೀರಿನಲ್ಲಿ ಎರಡು ಬಂಧಗಳ ನಡುವಣ ಕೋನ 104.5 ಡಿಗ್ರಿ. ಇಲ್ಲಿ ಸೆಳೆತಗಳು ಕೂಡಿಕೊಳ್ಳುತ್ತವೆ. ಇಡೀ ಅಣುವಿಗೆ ಒಂದು ಋಣದ ಮಗ್ಗುಲೂ ಒಂದು ಧನದ ಮಗ್ಗುಲೂ ಏರ್ಪಡುತ್ತವೆ.

ನೀರಿನ ಅಣು ಬಾಗುವುದಕ್ಕೂ ಕಾರಣವುಂಟು. ಆಮ್ಲಜನಕದ ಹೊರ ಸುತ್ತಿನಲ್ಲಿ ಆರು ಎಲೆಕ್ಟ್ರಾನುಗಳಿವೆ. ಎರಡು ಜಲಜನಕಗಳು ತಂದ ಎರಡನ್ನು ಸೇರಿಸಿದರೆ ನಾಲ್ಕು ಜೋಡಿಗಳಾದುವು. ಇವುಗಳಲ್ಲಿ ಎರಡು ಜೋಡಿಗಳು ಬಂಧಕ್ಕೆ ಸಲ್ಲುತ್ತವೆ. ಉಳಿದೆರಡು ಒಂಟಿಯಾಗಿ ಇರುತ್ತವೆ. ನಾಲ್ಕೂ ಋಣವಾದುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ನಾಲ್ಕು ಮೂಲೆಗೆ ಸಮನಾಗಿ ಹರಡಿದ್ದರೆ ಕೋನವು 109.5 ಡಿಗ್ರಿ ಆಗಬೇಕಾಗಿತ್ತು. ಒಂಟಿ ಜೋಡಿಗಳು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಬಂಧಗಳು ಇನ್ನಷ್ಟು ಒತ್ತರಿಸಲ್ಪಡುತ್ತವೆ. ಇಂಗಾಲಾಮ್ಲದ ನಡುವಣ ಇಂಗಾಲದಲ್ಲಿ ಇಂತಹ ಒಂಟಿ ಜೋಡಿಗಳೇ ಇಲ್ಲ. ಆದುದರಿಂದ ಅದು ನೆಟ್ಟಗಿದೆ.

ಕಣ್ಣಿಗೆ ಕಾಣದ ಅಣುವಿನ ಆಕಾರವನ್ನು ಅರಿತುದು ಹೇಗೆ? 1912ರಲ್ಲಿ ಪೀಟರ್ ಡಿಬೈ ಎಂಬ ವಿಜ್ಞಾನಿ ಒಂದು ದಾರಿಯನ್ನು ತೋರಿಸಿದರು. ಎರಡು ಲೋಹದ ಫಲಕಗಳ ನಡುವೆ ವಾಯುವನ್ನು ತುಂಬಿ ವಿದ್ಯುತ್ತನ್ನು ಹಾಯಿಸಿದರೆ, ಧ್ರುವವುಳ್ಳ ಅಣುಗಳು ದಿಕ್ಸೂಚಿಯ ಮುಳ್ಳುಗಳಂತೆ ಸಾಲಿಗೆ ತಿರುಗಲು ಯತ್ನಿಸುತ್ತವೆ. ಕಾವು ಏರಿದರೆ ಅಣುಗಳ ಕುಣಿತ ಹೆಚ್ಚಿ ಆ ಸಾಲು ಕೆಡುವುದು. ಅಣುಗಳ ಸಂಖ್ಯೆ ಅಷ್ಟೇ ಇದ್ದರೂ ನೀರಾವಿಯಲ್ಲಿ ಕಾವಿನೊಡನೆ ಈ ಇಳಿತ ಕಾಣುವುದು, ಇಂಗಾಲಾಮ್ಲದಲ್ಲಿ ಕಾಣದು. ನೆಟ್ಟಗಿರುವ ಅಣುವಿಗೂ ಬಾಗಿದ ಅಣುವಿಗೂ ಇದೇ ಸಾಕ್ಷಿ. ಡಿಬೈಯವರಿಗೆ 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು.

ಇನ್ನು ಈ ಬಾಗಿನ ಫಲಗಳು. ಒಂದು ನೀರಿನಣುವಿನ ಜಲಜನಕವು ಪಕ್ಕದ ಅಣುವಿನ ಆಮ್ಲಜನಕವನ್ನು ಹಿಡಿಯುವುದು. ಈ ಹಿಡಿತಕ್ಕೆ ಜಲಜನಕಬಂಧವೆಂದು ಹೆಸರು. ಅದರ ಬಲ ಅಣುವಿನೊಳಗಿನ ಬಂಧದ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ. ಆದರೂ ಕೋಟ್ಯಂತರ ಹಿಡಿತಗಳು ಕೂಡಿ ನೀರನ್ನು ದ್ರವವಾಗಿ ಉಳಿಸುತ್ತವೆ. ಬಾಗಿದ್ದರೆ ಮಾತ್ರ ಸಾಲದು, ಸೆಳೆತವೂ ಬೇಕು: ಆಮ್ಲಜನಕದ ಬದಲು ಗಂಧಕವಿರುವ, ಕೊಳೆತ ಮೊಟ್ಟೆಯ ವಾಸನೆಯ ವಾಯುವಿನ ಅಣುವೂ ಬಾಗಿದೆ, ಆದರೆ ಗಂಧಕದ ಸೆಳೆತ ಅಲ್ಪ. ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುವುದು.

ಉಪ್ಪು ನೀರಿನಲ್ಲಿ ಕರಗುವುದೂ ಇದರಿಂದಲೇ. ನೀರಿನಣುಗಳು ಸೋಡಿಯಮಿಗೆ ಋಣದ ಮಗ್ಗುಲನ್ನೂ ಕ್ಲೋರಿನಿಗೆ ಧನದ ಮಗ್ಗುಲನ್ನೂ ತಿರುಗಿಸಿ ಸುತ್ತುವರಿದು ಬಿಡಿಸಿಕೊಂಡು ಹೋಗುತ್ತವೆ. ಎಣ್ಣೆಯ ಅಣುವಿನ ಬಹುಭಾಗ ಇಂಗಾಲ ಜಲಜನಕಗಳ ಸರಪಣಿ. ಅವುಗಳ ಸೆಳೆತದಲ್ಲಿ ಹೆಚ್ಚಿನ ಭೇದವಿಲ್ಲದುದರಿಂದ ನೀರಿಗೆ ಅಲ್ಲಿ ಹಿಡಿಯಲು ಆಸರೆಯಿಲ್ಲ. ಸಾಬೂನಿನ ಅಣುವಿಗೆ ಒಂದು ತುದಿ ಉಪ್ಪಿನಂತೆ, ಉಳಿದ ಉದ್ದ ಎಣ್ಣೆಯಂತೆ. ಎರಡು ಪಕ್ಷಕ್ಕೂ ಬೇಕಾದ ಮಧ್ಯಸ್ಥನಂತೆ ಅದು ಜಿಡ್ಡನ್ನು ನೀರಿಗೆ ಒಪ್ಪಿಸುವುದು.

ನೀರು ಹೆಪ್ಪುಗಟ್ಟುವಾಗ ಪ್ರತಿಯೊಂದು ಅಣುವೂ ನಾಲ್ಕು ನೆರೆಯವರನ್ನು ಗೊತ್ತಾದ ಕೋನದಲ್ಲಿ ಹಿಡಿದು ನಿಲ್ಲುವುದರಿಂದ ನಡುವೆ ತೆರಪು ಉಳಿಯುವುದು. ನೂರು ಪಾಲು ನೀರು ಸುಮಾರು ನೂರೊಂಬತ್ತು ಪಾಲು ಮಂಜುಗಡ್ಡೆಯಾಗಿ ಹಿಗ್ಗಿ ಮೇಲೆ ತೇಲುವುದು. ಶೀತದೇಶಗಳ ಸರೋವರಗಳಲ್ಲಿ ಮಂಜಿನ ಹೊದಿಕೆಯ ಕೆಳಗೆ ಮೀನುಗಳು ಚಳಿಗಾಲವನ್ನು ಕಳೆಯುವುದು ಇದರ ಕೃಪೆಯಿಂದ.

ಎರಡು ಜಲಜನಕ, ಒಂದು ಆಮ್ಲಜನಕ ಎಂದು ಶಾಲೆಯ ಹುಡುಗನೂ ಒಪ್ಪಿಸಬಲ್ಲನು. ಆದರೆ ಆ ಲೆಕ್ಕ ನೀರಿನ ಗುಣವನ್ನು ಹೇಳುವುದಿಲ್ಲ. ಯಾವ ಯಾವ ಪರಮಾಣುಗಳು ಎಷ್ಟೆಷ್ಟು ಇವೆ ಎಂಬುದರ ಜೊತೆಗೆ ಅವು ಹೇಗೆ ನಿಂತಿವೆ ಎಂಬುದನ್ನು ತಿಳಿದಾಗಲೇ ವಸ್ತುವನ್ನು ತಿಳಿದಂತಾಗುವುದು.